ಚೆಕ್‌ಪೋಸ್ಟ್ ಬಾಯ್ಸ್‌ಗೆ ಸನ್ಮಾನ

ಕುತ್ತಿಗೆಗೆ ಬಿದ್ದ ಸೇವಂತಿಗೆ ಹಾರ ತುರಿಸುತ್ತಿತ್ತು. ತೆಗೆದಿಡೋಣವೆಂದರೆ ಎದುರಿಗೆ ಮುನ್ನೂರು ಜನ. ಮಾಯಿಲಪ್ಪ ಸುಮ್ಮನೆ ಬೆವರು ಒರೆಸಿಕೊಂಡು, ಪಕ್ಕದ ಕುರ್ಚಿಯಲ್ಲಿ ಇನ್ನೊಂದು ಹಾರ ಹಾಕಿಕೊಂಡು ಮದುಮಗನ ಹಾಗೆ ಬೀಗುತ್ತಿದ್ದ ಮೊಣ್ಣಪ್ಪನನ್ನು ನೋಡಿದ. ಅರವತ್ತೆಂಟನೆಯ ಇಸವಿಯ ಕೈಲ್‌ಮುಹೂರ್ತ ಹಬ್ಬದ ಮಧ್ಯಾಹ್ನ ಅದು. ಬೆಳಿಗ್ಗೆ ಮನೆಮನೆಯಲ್ಲೂ ಕೋವಿ ಕತ್ತಿಗಳಿಗೆ ಹೂ ಮುಡಿಸಿ ಪೂಜೆ ಮುಗಿಸಿ, ಕಡುಬು ಹಂದಿಮಾಂಸ ಹೊಟ್ಟೆ ಬಿರಿಯುವಷ್ಟು ಉಂಡು, ಮೇಲಿಷ್ಟು ಸಾರಾಯಿ ಇಳಿಸಿಕೊಂಡ ಗಂಡಸರೆಲ್ಲ ಚೆಟ್ಟಳ್ಳಿಯ ಮೇಲಿನ ಬಯಲಿಗೆ ಬಂದು ಸೇರಿದ್ದರು. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇನ್ನೇನು ಶುರುವಾಗಬೇಕು. ಅದಕ್ಕೆ ಮೊದಲು ಒಂದು ಸನ್ಮಾನ, ಚೆಕ್‌ಪೋಸ್ಟ್ ಬಾಯ್ಸ್ ಎಂಬ ರಾಕ್ ಬ್ಯಾಂಡಿಗೆ ಹತ್ತು ವರ್ಷ ತುಂಬಿತೆಂದು.

ಹತ್ತು ವರ್ಷ ತುಂಬಿದ್ದೇನೋ ನಿಜ. ಅದರಲ್ಲಿ ಕೊನೆಯ ಐದು ವರ್ಷ ಬ್ಯಾಂಡೇ ಇರಲಿಲ್ಲವೆಂಬುದು ಸಮಿತಿಯವರಿಗೆ ದೊಡ್ಡ ವಿಷಯವಾಗಿ ಕಂಡಿರಲಿಲ್ಲ. ಬ್ಯಾಂಡಿನಲ್ಲಿದ್ದವರು ಮೂವರು, ಹಾರ ತರಿಸಿದ್ದು ಎರಡೇ. ಮೂರನೆಯವನು, ಡ್ರಮ್ ಬಾರಿಸುತ್ತಿದ್ದ ನಿಂಗ, ಬಯಲಿನ ಬೇಲಿಯ ಆಚೆ ಹೆಂಡತಿ ಕೆಂಚಿಯ ಜೊತೆ ನಿಂತಿದ್ದ. ಅವನ ಬಲಗೈ ಕಂಬಳಿಯ ಒಳಗಿತ್ತು.

ಎಂಟು ದಿನದ ಹಿಂದೆ ಈ ಕೆಂಚಿ ಮಾಯಿಲಪ್ಪನ ಮನೆಯ ಹಿಂಬಾಗಿಲಿಗೆ ಬಂದಿದ್ದಳು. ನಿಂಗನಿಗೆ ಎಸ್ಟೇಟಿನಲ್ಲಿ ಮೇಸ್ತ್ರಿ ಕೆಲಸ ಸಿಗುವುದರಲ್ಲಿತ್ತು. ಒಂದು ಕೈಯವನಾದರೂ ಆಳುಗಳು ಅವನ ಮಾತು ಕೇಳುತ್ತಾರೆಂದು ಲೆಕ್ಕ ಬರೆಯುವ ರೈಟರು ಒಪ್ಪಿದ್ದ. ಅಷ್ಟರಲ್ಲಿ ಯಾರೋ ಮ್ಯಾನೇಜರನ ಕಿವಿಗೆ ಹಾಕಿದರು, ಅವನು ಕೋವಿ ಕದ್ದವನು ಅಂತ. ಕೆಲಸ ಹೋಯಿತು. ಅದು ಮೊದಲನೆಯ ಸಲವೇನಲ್ಲ. ಸುತ್ತಮುತ್ತ ಎಲ್ಲಿ ಕೋವಿ ಕಾಣೆಯಾದರೂ ಮೊದಲು ಎಸ್ಟೇಟಿನ ಆಳುಗಳ ಲೈನುಮನೆಯಿಂದ ನಿಂಗನನ್ನು ಎಳೆದುಕೊಂಡು ಹೋಗಿ ತದಕುತ್ತಿದ್ದರು. ಕೋವಿ ಸಿಕ್ಕಿದ ಮೇಲೆ ಬಿಡುತ್ತಿದ್ದರು. ಇದನ್ನೆಲ್ಲ ಹೇಳಿ ಮುಗಿಸಿ ಕೆಂಚಿ ಕೇಳಿದ್ದು ಇಷ್ಟೇ.

"ನಿಮ್ಗೆ ಹಾರ ಹಾಕ್ತಾರಂತಲ್ಲ ಅಯ್ಯ. ಆವಾಗ ಒಂದು ಮಾತು ಹೇಳ್ಬಿಡಿ. ಆ ಕೋವಿ ನಾನೇ ಕೊಟ್ಟಿದ್ದು ಅಂತ."

ಮಾಯಿಲಪ್ಪ ಬಾಗಿಲು ಮುಂದೆ ಮಾಡಿಕೊಂಡ. ಯಾರದು ಎಂದು ಹೆಂಡತಿ ಪ್ರೇಮಾವತಿ ಒಳಗಿನಿಂದ ಕೇಳಿದಾಗ ಸೌದೆ ಕೇಳಲಿಕ್ಕೆ ಬಂದವರು ಎಂದ. ಅಷ್ಟು ಸಣ್ಣ ಸುಳ್ಳು ಹೇಳುವಾಗಲೂ ಅವನ ನಾಲಿಗೆ ತಡವರಿಸಲಿಲ್ಲ. ಅಭ್ಯಾಸವಾಗಿತ್ತು.

ಈಗ ವೇದಿಕೆಯ ಮೇಲೆ ಮೈಕಿನ ಮುಂದೆ ನಾಣಯ್ಯ ಎಂಬ ಪತ್ರಿಕೆಯವರು ನಿಂತಿದ್ದರು. ಮಡಿಕೇರಿಯ ಒಂದು ವಾರಪತ್ರಿಕೆಗೆ ಬ್ಯಾಂಡಿನ ಕತೆ ಬರೆಯಬೇಕೆಂದು ಬಂದವರು, ಬರೆಯುವುದನ್ನು ಜನರ ಎದುರಿಗೇ ಕೇಳಿ ಬರೆದರೆ ಎಲ್ಲರಿಗೂ ಮಜಾ ಎಂದು ಹೊಸ ಉಪಾಯ ಮಾಡಿದ್ದರು. ಸಮಿತಿಯ ಅಧ್ಯಕ್ಷ ಬೋಜಪ್ಪ, ಐವತ್ತು ಎಕರೆ ಕಾಫಿಯ ಯಜಮಾನ, ಮುಂದಿನ ಸಾಲಿನಲ್ಲಿ ಕಾಲಮೇಲೆ ಕಾಲು ಹಾಕಿ ಕುಳಿತಿದ್ದ. ಬ್ಯಾಂಡಿನ ಕತೆ ಶುರುವಾದದ್ದು ಹೇಗೆ ಎಂದು ನಾಣಯ್ಯ ಕೇಳಿದರು.

ಆ ಕತೆ ಹೇಳುವುದೆಂದರೆ ಹಾಡುಗಳಿಗಿಂತ ಹೊಡೆದಾಟಗಳ ಪಟ್ಟಿಯೇ ಉದ್ದ. ಮಾಯಿಲಪ್ಪ ಆಗ ಬಿಳಿ ದೊರೆಯ ಎಸ್ಟೇಟಿನಲ್ಲಿ ರೈಟರಾಗಿದ್ದ. ದೊರೆ ಊರು ಬಿಟ್ಟು ಹೋಗುವಾಗ ಗ್ರಾಮಫೋನನ್ನೂ ಒಂದು ಪೆಟ್ಟಿಗೆ ರೆಕಾರ್ಡನ್ನೂ ಇವನಿಗೆ ಕೊಟ್ಟು ಹೋಗಿದ್ದ. ಅದರಲ್ಲಿ ಕೊನೆಗೆ ಬಂದ ನಾಲ್ಕು ರೆಕಾರ್ಡುಗಳು ರಾಕ್ ಅಂಡ್ ರೋಲಿನವು. ಅದನ್ನು ಕೇಳಿದ ದಿನ ಮಾಯಿಲಪ್ಪನಿಗೆ ಜ್ವರ ಬಂದಂತಾಗಿ, ಹದಿನೈದು ದಿನದಲ್ಲಿ ಕಣ್ಣೂರಿಗೆ ಹೋಗಿ ಹಡಗಿನವನೊಬ್ಬನ ಹತ್ತಿರ ಗಿಟಾರು ಕೊಂಡ. ಜೊತೆಗೆ ಹೋದವನು ಮೊಣ್ಣಪ್ಪ. ಮಿಲಿಟರಿ ಬ್ಯಾಂಡಿನಲ್ಲಿ ತುತ್ತೂರಿ ಊದಿ ಪಿಂಚಣಿ ಪಡೆದವನು, ಊದುವ ಬಾಯಿಗಿಂತ ಹೊಡೆಯುವ ಕೈ ಚುರುಕು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು. ಗಿಟಾರು ಹೊತ್ತು ವಾಪಸು ಬರುವಾಗ ಕೇರಳದ ಗಡಿಯ ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ಲಾರಿ ಜೀಪುಗಳ ಸಾಲು ನಿಂತಿತ್ತು. ಕಾದು ಬೇಸತ್ತ ಲಾರಿ ಕ್ಲೀನರನೊಬ್ಬ ಗಿಟಾರಿನ ಪೆಟ್ಟಿಗೆಯ ಮೇಲೆ ಕುಂಡೆಯೂರಿ ಬೀಡಿ ಹಚ್ಚಿದ. ಏಳು ಎಂದರೆ ಏಳಲಿಲ್ಲ. ಮೊಣ್ಣಪ್ಪ ತುತ್ತೂರಿಯಿಂದಲೇ ಅವನ ಕೆನ್ನೆಗೆ ಬಾರಿಸಿದ. ನಾಲ್ಕು ಲಾರಿಯವರು ಇಳಿದರು. ಮೊಣ್ಣಪ್ಪನ ಹುಬ್ಬು ಸೀಳಿತು, ಮಾಯಿಲಪ್ಪನ ಎರಡು ಪಕ್ಕೆಲುಬು ಬಿರುಕುಬಿಟ್ಟವು, ಕ್ಲೀನರನ ಹಲ್ಲೊಂದು ತುತ್ತೂರಿಯೊಳಗೆ ಹೊಕ್ಕು, ಒಂದು ವಾರ ಊದಿದಾಗಲೆಲ್ಲ ಗಲಗಲ ಸದ್ದು ಮಾಡಿತು. ಬ್ಯಾಂಡಿಗೆ ಹೆಸರು ಬಂದದ್ದು ಹಾಗೆ.

ಜನ ಬಿದ್ದು ಬಿದ್ದು ನಕ್ಕರು. ಮೊಣ್ಣಪ್ಪ ಎದ್ದು ನಿಂತು ಹುಬ್ಬಿನ ಗಾಯದ ಗುರುತು ತೋರಿಸಿದ. ನಾಣಯ್ಯ ಬರೆದುಕೊಂಡರು. ಶ್ರೀಮಂಗಲದ ಮದುವೆಯ ಕತೆಯೂ ಬಂತು: ವಾಲಗದ ಬದಲು ಇವರನ್ನು ಕರೆಸಿ, ಕುಣಿಯಲು ಬಾರದ ಹಾಡು ಬಾರಿಸಿದಿರೆಂದು ಹುಡುಗನ ಮಾವ ಹಿತ್ತಾಳೆ ಚೊಂಬು ಬೀಸಿದ್ದು, ಮೊಣ್ಣಪ್ಪ ಆ ಮಾವನ ಕಿವಿ ಕಚ್ಚಿದ್ದು, ಮದುವೆಯೂಟ ನೆಲದ ಪಾಲಾಗಿದ್ದು. ಯಾವ ಕ್ಲಬ್ಬಿನ, ಯಾವ ಎಸ್ಟೇಟಿನ ಹಂಗಿನಲ್ಲೂ ಇಲ್ಲದ ಬ್ಯಾಂಡು ತಮ್ಮದು ಎಂದು ಮೊಣ್ಣಪ್ಪ ಎದೆ ತಟ್ಟಿಕೊಂಡ. ಅದೂ ನಿಜವೇ. ಯಾರ ಹಂಗೂ ಇಲ್ಲದವರನ್ನು ಯಾರು ಬೇಕಾದರೂ ಹೊಡೆಯಬಹುದಿತ್ತು.

ಆದರೆ ಮಾಯಿಲಪ್ಪ ಹೇಳಿದ ಒಂದೊಂದು ಕತೆಯಲ್ಲೂ ಒಂದು ತೂತಿತ್ತು. ನಿಂಗ ಎಲ್ಲಿದ್ದ? ಲೈನಿನ ನಿಂಗ, ದೊಡ್ಡಮನೆಗಳ ಅಂಗಳದಲ್ಲಿ ಸಾವಿಗೂ ಮದುವೆಗೂ ಪರೆ ಡೋಲು ಬಡಿಯುವವರ ಮಗ. ಮಿಲಿಟರಿಯವರು ಬಿಸಾಡಿದ್ದ ಡೊಳ್ಳಿಗೆ ತಾನೇ ಚರ್ಮ ಹೊದಿಸಿ, ಎರಡು ಸೀಮೆಎಣ್ಣೆ ಡಬ್ಬ ಜೋಡಿಸಿ ಡ್ರಮ್ ಸೆಟ್ಟು ಕಟ್ಟಿದವನು. ರೆಕಾರ್ಡು ಒಂದೇ ಸಲ ಕೇಳಿ, ಇದು ನಮ್ಮ ಹೆಣದ ಪೆಟ್ಟೇ ಅಲ್ವಾ ಅಯ್ಯ, ಸ್ವಲ್ಪ ಬೇಗ ಹೊಡೀತಾರೆ ಅಷ್ಟೇ, ಎಂದು ನಕ್ಕವನು. ಬ್ಯಾಂಡಿನ ಪ್ರಾಣವೇ ಅವನಾಗಿದ್ದ, ಇದು ಮಾಯಿಲಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಕ್ಲಬ್ಬಿನಲ್ಲಿ ನಿಂಗ ಒಳಗೆ ಬರಬಾರದು, ವರಾಂಡದಲ್ಲಿ ಕೂರಲಿ ಎಂದಾಗ ಮೂವರೂ ವರಾಂಡದಲ್ಲೇ ಕುಳಿತು ನುಡಿಸಿದ್ದರು. ಒಳಗಿದ್ದವರೆಲ್ಲ ಗ್ಲಾಸು ಹಿಡಿದು ಹೊರಗೆ ಬಂದು ಕುಣಿಯಬೇಕಾಯಿತು. ಅದನ್ನು ಸಹಿಸದ ಒಬ್ಬ ಗ್ಲಾಸು ಬೀಸಿದ. ನಿಂಗನ ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು. ಅವನು ಕಣ್ಣು ಮುಚ್ಚಿಕೊಂಡೇ ಬಾರಿಸಿದ, ಹಾಡು ಮುಗಿಯುವ ತನಕ ಒಂದು ಪೆಟ್ಟೂ ತಪ್ಪಲಿಲ್ಲ. ಆವತ್ತು ಮಾಯಿಲಪ್ಪನಿಗೆ ಅವನ ಮೇಲೆ ಹುಟ್ಟಿದ್ದು ಪ್ರೀತಿಯೇ. ಪ್ರೀತಿ ಇದ್ದೂ ಮನುಷ್ಯ ಎಂಥ ಕೆಲಸ ಮಾಡುತ್ತಾನೆ.

"ನಿಮ್ಮ ಡ್ರಮ್ಮಿನವನ ಕತೆ ಏನು?" ನಾಣಯ್ಯ ಕೇಳಿದರು.

ಬೋಜಪ್ಪ ಕುಳಿತಲ್ಲಿಂದಲೇ ಉತ್ತರ ಕೊಟ್ಟ. "ಕಳ್ಳನ ಕತೆ ಬರೆದು ಪೇಪರು ಕೊಳೆ ಮಾಡ್ಬೇಡಿ. ನನ್ನ ಅಪ್ಪನ್ನ ಕೊಂದವ ಅಂವ."

ಐದು ವರ್ಷದ ಹಿಂದೆ ಇದೇ ಬಯಲು, ಇದೇ ಹಬ್ಬ. ಚೆಕ್‌ಪೋಸ್ಟ್ ಬಾಯ್ಸ್ ಅಂದು ಹೊಸ ಹಾಡು ಕಟ್ಟಿ ತಂದಿದ್ದರು. ಮನೆಯಲ್ಲಿ ಗಂಡುಮಗು ಹುಟ್ಟಿದ ಹಾಡು, ತಮ್ಮ ಮನೆಮಾತಾದ ಅರೆಭಾಷೆಯಲ್ಲೇ, ರಾಕಿನ ಧಾಟಿಯಲ್ಲಿ. ಗಂಡು ಹುಟ್ಟಿದರೆ ಕೊಡಗಿನಲ್ಲಿ ಒಂದು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಹಾಡಿನ ಶುರುವಿಗೆ ಒಂದು ಗುಂಡು ಹಾರಿದರೆ ಜನ ಹುಚ್ಚೆದ್ದು ಕುಣಿಯುತ್ತಾರೆ ಎಂಬುದು ಕೊನೆ ಗಳಿಗೆಯಲ್ಲಿ ಮಾಯಿಲಪ್ಪನ ತಲೆಯಲ್ಲಿ ಹೊಳೆದದ್ದು. ಅವನ ಎರಡು ಕೈಯೂ ಗಿಟಾರಿನ ಮೇಲೆ, ಮೊಣ್ಣಪ್ಪನದು ತುತ್ತೂರಿಯ ಮೇಲೆ. ಕಡ್ಡಿ ಕೆಳಗಿಟ್ಟು ಮತ್ತೆ ಎತ್ತಿಕೊಳ್ಳಲು ಬಿಡುವಿದ್ದದ್ದು ನಿಂಗನಿಗೆ ಮಾತ್ರ. ತನ್ನ ಮನೆಯ ಜೋಡುನಳಿಗೆ ಕೋವಿಯನ್ನು ಮಾಯಿಲಪ್ಪ ಪರದೆಯ ಹಿಂದೆ ಅವನ ಕೈಗೆ ಕೊಟ್ಟ. ಮೊಣ್ಣಪ್ಪ ಆಗ ಸಾರಾಯಿ ಅಂಗಡಿಯಲ್ಲಿದ್ದ. ನಿಂಗ ಬೇಡವೆಂದ. ತಮ್ಮವರು ಕೋವಿ ಮುಟ್ಟುವುದಿಲ್ಲ, ಕಂಡರೆ ಬಿಡುವುದಿಲ್ಲ ಎಂದ. ಯಾರೂ ಏನೂ ಮಾಡಲ್ಲ, ನಾನಿದ್ದೇನೆ ಎಂದು ಮಾಯಿಲಪ್ಪ ಬೆನ್ನು ತಟ್ಟಿದ. ಎರಡು ನಳಿಗೆಯಲ್ಲೂ ಮದ್ದು ತುಂಬಿತ್ತು, ಬೆರಳಿಂದ ಎಳೆಯುವ ಕುದುರೆಯೂ ಎರಡಿತ್ತು. ಒಂದನ್ನೇ ಎಳೆಯಬೇಕೆಂದು ಹೇಳಲು ಮರೆತ.

ಹುಟ್ಟಿದಾರಭ್ಯ ಕೋವಿ ಹಿಡಿಯದವನು ಪರದೆಯ ಮರೆಯಲ್ಲೇ ಒಂದು ಕುದುರೆ ಎಳೆದ. ಕೋವಿ ಒದ್ದ ಒದೆತಕ್ಕೆ ಬೆಚ್ಚಿದ ಬೆರಳು ಇನ್ನೊಂದರ ಮೇಲೂ ಬಿತ್ತು. ಢಂ ಎಂದದ್ದರ ಬೆನ್ನಿಗೇ ಇನ್ನೊಂದು ಢಂ.

ಬೆನ್ನುಬೆನ್ನಿಗೆ ಎರಡು ಗುಂಡು ಎಂದರೆ ಸಾವು. ಇದನ್ನು ಕೊಡಗಿನಲ್ಲಿ ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಬಯಲಿನ ಮೇಲಿನ ಗುಡ್ಡದಲ್ಲೇ ಬೋಜಪ್ಪನ ಮನೆ, ಅಲ್ಲಿ ಅವನ ಅಪ್ಪ ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದ. ಸುತ್ತ ಮೂರೂರಿನ ಜನಕ್ಕೆ ಬೇರೆ ಯೋಚನೆಯೇ ಬರಲಿಲ್ಲ. ಬೋಜಪ್ಪ ಬಯಲಿನಿಂದ ಅಳುತ್ತಾ ಓಡಿದ. ಗದ್ದೆ ದಾಟಿ ಕೋವಿ ಹಿಡಿದ ನೆಂಟರು ಓಡಿಬಂದರು. ಹೆಂಗಸರು ಅಂಗಳದಲ್ಲೇ ಎದೆ ಬಡಿದುಕೊಂಡರು, ಯಾರೋ ಹೆಣ ಮೀಯಿಸಲು ಹಂಡೆಗೆ ನೀರು ಹಾಕಿ ಬೆಂಕಿ ಒಟ್ಟಿದರು. ಇಷ್ಟು ಜನ ನುಗ್ಗಿ ಬಂದದ್ದು ಕಂಡು ಮುದುಕ ಗಂಜಿಯ ಬಟ್ಟಲು ಕೆಳಗಿಟ್ಟು, ಸತ್ತದ್ದು ಯಾರು ಎಂದು ಕೇಳಿದ. ಹಂಡೆ, ನೆಂಟರು, ಬಿಚ್ಚಿದ ತಲೆಯ ಹೆಂಗಸರು, ಎಲ್ಲವನ್ನೂ ನೋಡಿ ಅವನಿಗೆ ಅರ್ಥವಾಯಿತು. ಗಂಜಿ ಮುಟ್ಟಲಿಲ್ಲ. ಮೂರನೆಯ ದಿನ ಸತ್ತೇಹೋದ.

ಆದರೆ ನಿಂಗನ ಕೈ ಜಜ್ಜಿದ್ದು ಆವತ್ತೇ. ಬೋಜಪ್ಪ ಗುಡ್ಡ ಇಳಿದು ಬಂದಾಗ ಅವನ ಹಿಂದೆ ಐವತ್ತು ಜನ. ಗುಂಡು ಹೊಡೆದದ್ದು ಯಾರು ಎಂದು ಕೇಳುವ ಅಗತ್ಯವಿರಲಿಲ್ಲ, ಕೋವಿ ಡೊಳ್ಳಿನ ಪಕ್ಕದಲ್ಲೇ ಬಿದ್ದಿತ್ತು. ನಿನಗೆ ಕೋವಿ ಕೊಟ್ಟದ್ದು ಯಾರು ಎಂದಷ್ಟೇ ಕೇಳಿದ. ನಿಂಗ ಮಾಯಿಲಪ್ಪನ ಕಡೆ ನೋಡಿ, ಅಯ್ಯನೇ ಕೊಟ್ಟಿದ್ದು ಎಂದ. ಬೋಜಪ್ಪ ಇತ್ತ ತಿರುಗಿದ. ಮಾಯಿಲಪ್ಪ ಒಂದು ಹೆಜ್ಜೆ ಹಿಂದೆ ಸರಿದ.

"ನಾ ಕೊಟ್ಟದ್ದಲ್ಲ. ಅಂವನೇ ತಕ್ಕಂಡದ್."

ಎರಡು ಮಾತು, ಅಷ್ಟೇ. ನಿಂಗನನ್ನು ಕೆಡವಿಕೊಂಡರು. ಇಬ್ಬರು ಎದೆಯ ಮೇಲೆ ಕುಳಿತರು, ಒಬ್ಬ ಮುಂಗೈಯನ್ನು ಬಂಡೆಯ ಮೇಲೆ ಒತ್ತಿ ಹಿಡಿದ. ಬೋಜಪ್ಪ ಕೋವಿಯ ಹಿಡಿಯಿಂದ ಬೆರಳುಗಳ ಮೇಲೆ ಗುದ್ದಿದ. ಎಷ್ಟು ಸಲ ಎಂದು ಮಾಯಿಲಪ್ಪ ಎಣಿಸಲಿಲ್ಲ. ಮೊದಲೆರಡು ಪೆಟ್ಟಿಗೆ ನಿಂಗ ಕೂಗಿದ, ಆಮೇಲೆ ಅವನ ಸದ್ದು ನಿಂತಿತು, ಬಂಡೆಯ ಮೇಲೆ ಕೋವಿಯ ಹಿಡಿ ಬೀಳುವ ಸದ್ದು ಮಾತ್ರ ನಿಲ್ಲಲಿಲ್ಲ. ಹಾಡು ಕೆಟ್ಟ ಮೇಲೆ ಮತ್ತೆ ಸಾರಾಯಿ ಅಂಗಡಿ ಸೇರಿದ್ದ ಮೊಣ್ಣಪ್ಪ ಓಡಿಬಂದು, ಒಬ್ಬನೇ ಆ ಗುಂಪಿಗೆ ನುಗ್ಗಿ, ಕಂಡಕಂಡವರಿಗೆ ಹೊಡೆದು, ತಾನೂ ತಲೆ ಒಡೆಸಿಕೊಂಡು ನಿಂಗನನ್ನು ಎಳೆದು ತಂದ. ಕೋವಿ ಯಾಕೆ ಕದ್ದೆಯೋ ಎಂದು ದಾರಿಯುದ್ದಕ್ಕೂ ಅವನನ್ನೇ ಬೈದ. ಮೊಣ್ಣಪ್ಪನೂ ಮಾಯಿಲಪ್ಪನ ಮಾತನ್ನೇ ನಂಬಿದ್ದ.

ಈಗ ಮೈಕು ಮಾಯಿಲಪ್ಪನ ಕೈಯಲ್ಲಿತ್ತು. ಬೋಜಪ್ಪನ ಮಾತಿಗೆ ನಾಲ್ಕು ಜನ ಹೌದು ಹೌದು ಎಂದರು. ಹೇಳದೆ ಇದ್ದರೆ ಏನೂ ಆಗುತ್ತಿರಲಿಲ್ಲ. ಸಂಜೆ ಹಾರ ಮನೆಯ ಗೋಡೆಗೆ ತೂಗುತ್ತಿತ್ತು, ಮುಂದಿನ ವಾರ ಪೇಪರಿನಲ್ಲಿ ಹೆಸರು ಬರುತ್ತಿತ್ತು. ಹೇಳಿದರೆ ಈ ಬಯಲಿನಿಂದ ನಡೆದುಕೊಂಡು ಹೋಗುವುದು ಅನುಮಾನ. ಬೇಲಿಯಾಚೆ ಕೆಂಚಿ ಅವನನ್ನೇ ದಿಟ್ಟಿಸುತ್ತಿದ್ದಳು. ನಿಂಗ ನೋಡುತ್ತಿರಲಿಲ್ಲ. ಇವನಿಂದ ಏನೂ ಆಗುವುದಿಲ್ಲವೆಂದು ತಿಳಿದವನ ಹಾಗೆ ಆಗಲೇ ಹೊರಡಲು ತಿರುಗಿದ್ದ. ಮಾಯಿಲಪ್ಪನನ್ನು ಚುಚ್ಚಿದ್ದು ಅದು. ಬೈದಿದ್ದರೆ, ಉಗಿದಿದ್ದರೆ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದನೋ ಏನೋ.

"ಕೋವಿ ಕೊಟ್ಟದ್ದು ನಾನು," ಎಂದ. ಮೈಕಿನಲ್ಲಿ ಅವನ ದನಿ ಅವನಿಗೇ ಪರಕೀಯವಾಗಿ ಕೇಳಿತು. "ಅಂವ ಬೇಡ ಹೇಳಿದ. ನಾನೇ ಕೈಗೆ ಹಿಡಿಸಿದೆ. ಆವತ್ತು ಹೆದರಿ ಸುಳ್ಳು ಹೇಳಿದೆ. ನಿಂಗ ಏನೂ ಕದ್ದಿಲ್ಲೆ."

ಮೊದಲ ಹೊಡೆತ ಬಿದ್ದದ್ದು ಪಕ್ಕದ ಕುರ್ಚಿಯಿಂದ. ಮೊಣ್ಣಪ್ಪ ಒಂದು ಮಾತೂ ಆಡದೆ ಎದ್ದು ಮುಷ್ಟಿ ಬಿಗಿದು ಅವನ ಬಾಯಿಗೆ ಗುದ್ದಿದ. ತುಟಿ ಹರಿಯಿತು, ಮಾಯಿಲಪ್ಪ ಮೈಕಿನ ಸಮೇತ ವೇದಿಕೆಯಿಂದ ಕೆಳಗೆ ಬಿದ್ದ. ಐದು ವರ್ಷ ನನ್ನ ಬಾಯಲ್ಲೂ ಅವನನ್ನು ಕಳ್ಳ ಅನ್ನಿಸಿದೆಯಲ್ಲೋ ಎಂದು ಮೊಣ್ಣಪ್ಪ ಮೇಲಿಂದ ಕೂಗುತ್ತಿದ್ದ, ಅಳುತ್ತಲೂ ಇದ್ದ. ಕೆಳಗೆ ಬೋಜಪ್ಪನ ಕಡೆಯವರು ಕಾದಿದ್ದರು. ಸೊಂಟಕ್ಕೆ, ಬೆನ್ನಿಗೆ, ತೊಡೆಸಂದಿಗೆ ಬೂಟುಕಾಲುಗಳು ಬಿದ್ದವು. ಬೋಜಪ್ಪ ಅವನ ಕೊರಳಪಟ್ಟಿ ಹಿಡಿದು ಬಂಡೆಯ ಹತ್ತಿರ ದರದರ ಎಳೆದು ತಂದ. ಗಿಟಾರು ಹಿಡಿಯುವ ಎಡಗೈಯನ್ನು ಬಂಡೆಯ ಮೇಲೆ ಇಡಿಸಿ ತಾನೇ ಬೂಟಿನಲ್ಲಿ ಮೆಟ್ಟಿಕೊಂಡ. ಆಮೇಲೆ ಬೇಲಿಯ ಕಡೆ ತಿರುಗಿ ಕರೆದ.

"ಬಾರೋ ನಿಂಗ. ನಿನ್ನ ಕೈಗೆ ಇಂವನ ಕೈ. ತಕೋ ಕೋವಿ, ಜಜ್ಜು."

ಜನ ದಾರಿ ಬಿಟ್ಟರು. ಎಲ್ಲರ ಮುಖದಲ್ಲೂ ಒಂದು ಸಮಾಧಾನವಿತ್ತು, ನ್ಯಾಯ ಇಷ್ಟು ಸುಲಭಕ್ಕೆ ಮುಗಿಯಿತಲ್ಲ ಎಂದು. ಬಂಡೆಗೆ ಕೆನ್ನೆ ಒತ್ತಿ ಬಿದ್ದಿದ್ದ ಮಾಯಿಲಪ್ಪನಿಗೂ ಅದೇ ಅನ್ನಿಸಿತು. ಹೊಡೆದುಬಿಡಲಿ, ಒಂದು ಸಲ ಹೊಡೆದು ಮುಗಿಸಲಿ, ಆಮೇಲೆ ನೆಮ್ಮದಿಯಾಗಿ ನಿದ್ದೆ ಬರುತ್ತದೆ.

ನಿಂಗ ಬಂದು ನಿಂತ. ಕಂಬಳಿ ಸರಿಸಿ ಬಲಗೈ ಹೊರಗೆ ತೆಗೆದ. ಬೆರಳುಗಳು ಒಂದಕ್ಕೊಂದು ಅಂಟಿ ಒಳಗೆ ಮಡಚಿ ಒಣಗಿದ್ದವು. ಮಾಯಿಲಪ್ಪ ಆ ಕೈಯನ್ನು ಐದು ವರ್ಷದಲ್ಲಿ ಮೊದಲ ಸಲ ಸರಿಯಾಗಿ ನೋಡಿದ. ಆದರೆ ನಿಂಗ ಅದನ್ನು ತೋರಿಸುತ್ತಿದ್ದುದು ಅವನಿಗಲ್ಲ.

"ಸುಳ್ಳು ಹೇಳಿದ್ದು ಇವ್ರು," ಎಂದ. "ಜಜ್ಜಿದ್ದು ನೀವು."

ಬೋಜಪ್ಪನಿಗೆ ತಾನು ಕೇಳಿದ್ದು ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಏನಂದೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೋವಿ ಎತ್ತಿದ. ಅದು ಕೆಳಗಿಳಿಯುವ ಮೊದಲೇ ನಿಂಗನ ಎಡಗೈ ಮುಷ್ಟಿ ಅವನ ಮೂಗಿನ ಮೇಲೆ ಬಿತ್ತು. ಡೊಳ್ಳಿಗೆ ಹೊಡೆದು ಹೊಡೆದು ಬಲಿತ ತೋಳು ಅದು. ಮೂಳೆ ಮುರಿದ ಸದ್ದು ಬೇಲಿಯ ತನಕ ಕೇಳಿತೆಂದು ಆಮೇಲೆ ಜನ ಹೇಳಿದರು. ಬೋಜಪ್ಪ ಹಿಂದಕ್ಕೆ ಮಗುಚಿದ, ಮುಖವೆಲ್ಲ ರಕ್ತ.

ಮತ್ತೆ ನಡೆದದ್ದು ಹೊಡೆದಾಟ ಎನ್ನಲಾರದಂಥ ಹೊಡೆದಾಟ. ಮೂವತ್ತು ಜನ ನಿಂಗನ ಮೇಲೆ ಬಿದ್ದರು. ಮೊಣ್ಣಪ್ಪ ವೇದಿಕೆಯಿಂದಲೇ ಕುರ್ಚಿ ಸಮೇತ ಹಾರಿ ಇಬ್ಬರ ತಲೆ ಒಡೆದ. ಮಾಯಿಲಪ್ಪ ತೆವಳಿಕೊಂಡು ಹೋಗಿ ನಿಂಗನ ಮೇಲೆ ಬೋರಲಾಗಿ ಮಲಗಿದ, ಬೀಳುವುದೆಲ್ಲ ತನ್ನ ಬೆನ್ನಿಗೆ ಬೀಳಲೆಂದು. ಬಿದ್ದವು. ಭುಜದ ಮೂಳೆ ಲಟಕ್ಕೆಂದಿತು. ಕೆಳಗಿದ್ದ ನಿಂಗ ಮೊಣಕೈಯಿಂದ ಅವನ ಎದೆಗೆ ತಿವಿದು, ಬಿಡಿ, ಏಳಿ ಮೇಲೆ ಎಂದು ಒದರಿದ. ಅವನಿಗೆ ಈ ಮರೆಯೂ ಬೇಕಿರಲಿಲ್ಲ. ಕೊನೆಗೆ ಊರಿನ ನಾಲ್ವರು ಹಿರಿಯರು ಬೆತ್ತ ಬೀಸಿ ಗುಂಪು ಚದರಿಸಿದರು, ಕೆಂಚಿ ಕೂದಲು ಕೆದರಿಕೊಂಡು ಗಂಡನನ್ನು ಹೊರಗೆ ಎಳೆದಳು, ನಾಣಯ್ಯ ತಮ್ಮ ಬಾಡಿಗೆ ಜೀಪಿನ ಬಾಗಿಲು ತೆಗೆದರು.

ಜೀಪಿನಲ್ಲಿ ಮೊಣ್ಣಪ್ಪ ಮುಂದೆ ನಾಣಯ್ಯನವರ ಪಕ್ಕ ಕುಳಿತು ಹರಿದ ಅಂಗಿಯನ್ನು ತಲೆಗೆ ಒತ್ತಿ ಹಿಡಿದಿದ್ದ. ಹಿಂದೆ ಎದುರುಬದುರು ನಿಂಗ, ಕೆಂಚಿ, ಮಾಯಿಲಪ್ಪ. ಕಾಫಿತೋಟದ ತಿರುವುಗಳಲ್ಲಿ ಜೀಪು ಕುಲುಕಿದಾಗಲೆಲ್ಲ ಮಾಯಿಲಪ್ಪನ ಭುಜ ಕಿತ್ತುಬರುತ್ತಿತ್ತು. ಆದರೂ ಅವನ ಮನಸ್ಸು ಹಗುರಾಗಿತ್ತು, ನಾಚಿಕೆಗೇಡು, ಆದರೆ ನಿಜ. ಹೇಳಿಬಿಟ್ಟಿದ್ದ, ಪೆಟ್ಟು ತಿಂದಿದ್ದ, ಮೂವರೂ ಮತ್ತೆ ಒಂದೇ ಗಾಡಿಯಲ್ಲಿ ಕುಳಿತಿದ್ದರು. ಲೈನು ಬಂದು ಜೀಪು ನಿಂತಾಗ ಅವನು ನಿಂಗನ ಮುಂಗೈ ಹಿಡಿದುಕೊಂಡ. ನಾಳೆ ತಾನೇ ಮ್ಯಾನೇಜರನ ಹತ್ತಿರ ಹೋಗಿ ಹೇಳುತ್ತೇನೆಂದ, ಆ ಕೆಲಸ ಸಿಕ್ಕೇ ಸಿಗುತ್ತದೆಂದ.

"ಸಿಗ್ತದೆ," ಎಂದ ನಿಂಗ. ಕೈ ಬಿಡಿಸಿಕೊಂಡ. "ನೀವು ಒಂದ್ಸಲ ಹೇಳಿದ್ದಕ್ಕೆ ಸಿಗ್ತದೆ. ನಾನು ಇದನ್ನೇ ಐದು ವರ್ಷದಿಂದ ಹೇಳ್ತಾ ಇದ್ದೀನಿ ಅಯ್ಯ. ಮನೆಮನೆಗೆ ಹೋಗಿ ಹೇಳಿದ್ದೀನಿ. ಮೊಣ್ಣಪ್ಪಯ್ಯಂಗೂ ಹೇಳಿದ್ದೀನಿ, ಕೇಳಿ."

ಮುಂದೆ ಕುಳಿತಿದ್ದ ಮೊಣ್ಣಪ್ಪ ತಿರುಗಲಿಲ್ಲ. ನಾಣಯ್ಯ ಪೆನ್ನು ತೆಗೆಯಲಿಲ್ಲ.

ನಿಂಗ ಇಳಿದ. ಕಾಲು ಸೋತು ಒಂದು ಕ್ಷಣ ಜೀಪಿನ ಕಂಬಿ ಹಿಡಿದು ನಿಂತ. ಮಾಯಿಲಪ್ಪ ಆತುಕೊಳ್ಳಲು ಏಳಹೋದ. ಕೆಂಚಿ ಅಡ್ಡ ಬಂದು, ನೀವು ಇಲ್ಲಿಗೆ ಬರೋದು ಬೇಡ ಎಂದು ಮೆಲ್ಲಗೆ ಹೇಳಿ, ಗಂಡನ ತೋಳನ್ನು ತನ್ನ ಹೆಗಲ ಮೇಲೆ ಹಾಕಿಕೊಂಡಳು. ಇಬ್ಬರೂ ಲೈನಿನ ಕೊನೆಯ ಮನೆಯ ತನಕ ನಿಧಾನಕ್ಕೆ ನಡೆದು ಒಳಗೆ ಹೋದರು. ಬಾಗಿಲು ಮುಚ್ಚಿದ ಮೇಲೂ ಮಾಯಿಲಪ್ಪ ಅಲ್ಲೇ ಅರೆ ಎದ್ದು ನಿಂತಿದ್ದ. ಕೂತ್ಕೊ ಮಾರಾಯ ಎಂದು ಡ್ರೈವರು ಎರಡು ಸಲ ಹೇಳಿದ ಮೇಲೆ ಕುಳಿತ.